ರೊಟ್ಟಿಗೆ ಪೂರ್ತಿ ಅಂಕ, ಪ್ಯಾಕಿಂಗಿಗೆ ಅರ್ಧ: ರಾಯಚೂರಿನ ರೊಟ್ಟಿ ಮನೆ

ಬೋರ್ಡೂ ಇಲ್ಲದ ಗಲ್ಲಿ ಅಂಗಡಿ. ಹಿಂಗಾರಿ ಬಿಳಿಜೋಳದ ಹಿಟ್ಟು, ನಾಲ್ಕು ಒಲೆ, ತಟ್ಟುವ ಸದ್ದು ಬೀದಿಗೇ ಕೇಳುತ್ತದೆ. ದುಬೈಗೋ ಜರ್ಮನಿಗೋ ಸಂಸಾರ ಕಟ್ಟಿಕೊಂಡು ಹೊರಟವರು ಇಲ್ಲಿಂದ ಖಡಕ್ ರೊಟ್ಟಿ, ಹಿಂಡಿ (ಅಂದರೆ ಚಟ್ನಿಪುಡಿ) ಒಯ್ಯುತ್ತಾರೆ. ಮಾಲಿನಲ್ಲಿ ಎರಡು ಮಾತಿಲ್ಲ. ತಕರಾರು ಇರುವುದು ಕಟ್ಟಿಕೊಡುವ ರೀತಿಯಲ್ಲಿ.

ಆರ್ಡರ್ ಕೊಡುವಾಗಲೇ ‘ಅಕ್ಕಾ, ಹೊರದೇಶಕ್ಕ ಒಯ್ಯೋದೈತಿ’ ಅಂತ ಹೇಳಿ, ಹೊರಡುವ ದಿನಕ್ಕೆ ಮೂರು ದಿನ ಮೊದಲೇ ರೊಟ್ಟಿ ಕೈಗೆ ಬರುವಂತೆ ನೋಡಿಕೊಳ್ಳಿ. ಅವಸರದಲ್ಲಿ ಬೇಯಿಸಿದ ರೊಟ್ಟಿಯ ಅಂಚು ಗರಿಗರಿ ಇದ್ದರೂ ನಡುವೆ ಹಸಿ ಉಳಿದಿರುತ್ತದೆ. ನಡುವಿಗೆ ಮುರಿದು ನೋಡಿ: ಟಕ್ ಅನ್ನಬೇಕು, ಬಾಗಬಾರದು. ಬಾಗಿದರೆ ಮನೆಯಲ್ಲಿ ಬಟ್ಟೆ ಮೇಲೆ ಹರವಿ ಒಂದು ದಿನ ಆರಿಸಿ. ಬಿಸಿ ಇರುವಾಗಲೇ ಕವರಿಗೆ ಹಾಕಿದರೆ ಒಳಗೆ ಬೆವರುತ್ತದೆ, ವಾರ ಕಳೆಯುವುದರೊಳಗೆ ಬೂಸ್ಟು. ಅಂಗಡಿಯವರು ಗಿರಾಕಿ ಹೆಚ್ಚಿದ್ದಾಗ ಮಾಡುವ ತಪ್ಪು ಇದೇ.

ಸಜ್ಜೆ ರೊಟ್ಟಿ ಎಳ್ಳು ಹಚ್ಚಿ ಚೆನ್ನಾಗಿ ಮಾಡುತ್ತಾರೆ, ಆದರೆ ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ, ಬೇಗ ಕಮಟು ಹಿಡಿಯುತ್ತದೆ. ಮೊದಲ ತಿಂಗಳಲ್ಲೇ ತಿಂದು ಮುಗಿಸುವಷ್ಟು ಮಾತ್ರ ಒಯ್ಯಿರಿ.

ಈಗ ವ್ಯಾಕ್ಯೂಮ್ ಮಶೀನೂ ತಂದಿದ್ದಾರೆ. ಹಿಂಡಿಗೆ ಅದು ಸರಿ, ರೊಟ್ಟಿಗೆ ಬೇಡವೇ ಬೇಡ. ಗಾಳಿ ಎಳೆದ ಕೂಡಲೇ ಕವರು ಅಮುಕಿ ಮೇಲಿನ ನಾಲ್ಕೈದು ರೊಟ್ಟಿ ಕಣ್ಣೆದುರೇ ಚೂರು. ರೊಟ್ಟಿಯ ಅಗಲಕ್ಕೆ ಸರಿಹೋಗುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ನೀವೇ ಒಯ್ದು ಕೊಡಿ. ತಳಕ್ಕೆ ಒಂದು ಟವಲ್, ಸುತ್ತಲಿನ ಸಂದಿಗೆ ಮುದುಡಿದ ಪೇಪರ್, ಅಲುಗಾಡಿಸಿದರೆ ಸದ್ದು ಬರಬಾರದು. ಡಬ್ಬಿ ಕೈಚೀಲದಲ್ಲೇ ಇರಲಿ. ಹೈದರಾಬಾದ್ ಬಸ್ಸಿನ ಡಿಕ್ಕಿಗೆ ಹಾಕಿದರೆ ವಿಮಾನ ಹತ್ತುವ ಮೊದಲೇ ಅರ್ಧ ಪುಡಿ.

ಹಿಂಡಿಗಳಲ್ಲಿ ಅಗಸಿ ಮೊದಲ ಸ್ಥಾನ, ಗುರೆಳ್ಳು ಎರಡನೆಯದು. ಶೇಂಗಾ ಹಿಂಡಿ ರುಚಿ, ಆದರೆ ಕುಟ್ಟಿದ್ದು ಎಣ್ಣೆ ಬಿಟ್ಟು ಕವರಿಗೆ ಅಂಟುತ್ತದೆ. ತರಿತರಿಯಾಗಿ ಕುಟ್ಟಿ ಅಂತ ಹೇಳಬೇಕು. ಇವುಗಳನ್ನು ದೊಡ್ಡ ಲಗೇಜಿಗೆ ಹಾಕಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿ ಮೀರಿದ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚಿನ ತಪಾಸಣೆ, ಕೆಲವೊಮ್ಮೆ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ಅಂಗಡಿಯವರಿಗೆ ಗೊತ್ತಿಲ್ಲದ್ದು, ನೀವೇ ನೆನಪಿಡಬೇಕಾದದ್ದು ಕಸ್ಟಮ್ಸ್. ಮಸಾಲೆ ಪುಡಿಗೆ ಗಸಗಸೆ ಹಾಕಿದ್ದಾರಾ ಅಂತ ಕೇಳಿ. ದುಬೈ, ಸಿಂಗಾಪುರಗಳಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ, ಒಂದು ಚಮಚಕ್ಕೂ ಕೇಸು ಬೀಳಬಹುದು. ಒಣಕೊಬ್ಬರಿ ಗಿಟಕನ್ನು ವಿಮಾನದವರೇ ಬಿಡುವುದಿಲ್ಲ, ಎಣ್ಣೆಯಿಂದ ಬೆಂಕಿ ಹಿಡಿಯುವ ವಸ್ತು ಅದು. ಜರ್ಮನಿ, ಫ್ರಾನ್ಸ್ ಕಡೆಗಾದರೆ ಅಂಗಡಿಯವರು ಪ್ರೀತಿಯಿಂದ ಜೊತೆಗಿಡುವ ಬೆಣ್ಣೆ, ತುಪ್ಪ ಬಿಡಿ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿನ ಒಕ್ಕೂಟದಲ್ಲಿ ನಿಷೇಧವಿದೆ. ಆಸ್ಟ್ರೇಲಿಯಾದಲ್ಲಿ ಇಳಿಯುವವರು ಫಾರ್ಮಿನಲ್ಲಿ ಆಹಾರ ಇದೆ ಅಂತ ಬರೆಯಲೇಬೇಕು. ಬರೆದು ತೋರಿಸಿದರೆ ಹೆಚ್ಚೆಂದರೆ ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ಅಕ್ಕಿಗೆ ಕೆಜಿ ವ್ಯರ್ಥ ಮಾಡಬೇಡಿ, ಸೋನಾ ಮಸೂರಿ ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಜೋಳದ ಹಿಟ್ಟೂ ಸಿಗುತ್ತದೆ. ಆದರೆ ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿ ಕಲಸಿದರೆ ಒಂದಿಷ್ಟು ಮಾತು ಕೇಳುತ್ತದೆ. ಒಯ್ದ ರೊಟ್ಟಿ ಮೆತ್ತಗೆ ಬೇಕಾದವರು ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ. ದಾರಿಯಲ್ಲಿ ಚೂರಾದದ್ದಿದ್ದರೆ ಮಜ್ಜಿಗೆಗೆ ಹಾಕಿ, ಮೇಲೊಂದು ಚಮಚ ಅಗಸಿ ಹಿಂಡಿ.