ಗೋಡೆಯಿಲ್ಲದ ಬಾಲವಾಡಿ: ಜರ್ಮನಿಯ ಕಾಡಿನಲ್ಲಿ ನಮ್ಮ ಮಗಳ ಎರಡು ವರ್ಷ

ಮಗಳಿಗೆ ಮೂರು ತುಂಬಿದಾಗ ನಾವು ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಲ್ಲಿದ್ದೆವು. ಮಾಮೂಲಿ ಕಿಂಡರ್‌ಗಾರ್ಟನ್‌ನಲ್ಲಿ ಜಾಗ ಇರಲಿಲ್ಲ, ಖಾಲಿ ಇದ್ದದ್ದು ವಾಲ್ಡ್‌ಕಿಂಡರ್‌ಗಾರ್ಟನ್ ಮಾತ್ರ, ಅಂದರೆ ಕಾಡಿನ ಬಾಲವಾಡಿ. ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳು, ಮೂವರು ಟೀಚರ್‌ಗಳು, ಕಾಡಿನಂಚಿನಲ್ಲಿ ಕಟ್ಟಿಗೆ ಒಲೆ ಇರುವ ಒಂದು ಮರದ ಗಾಡಿ. ಕಟ್ಟಡ ಇಲ್ಲ. ಮಳೆ ಬಂದರೂ ಹಿಮ ಬಿದ್ದರೂ ಮಕ್ಕಳು ಹೊರಗೇ. ಜೋರು ಗಾಳಿ ಇದ್ದ ದಿನ ಮಾತ್ರ ಕೊಂಬೆ ಮುರಿದು ಬೀಳುವ ಭಯಕ್ಕೆ ಊರೊಳಗಿನ ಒಂದು ಕೋಣೆಗೆ ಕರೆದುಕೊಂಡು ಹೋಗುತ್ತಾರೆ.

ಇದೇನು ಹೊಸ ಹುಚ್ಚು ಅಂತ ಅಮ್ಮ ಫೋನಲ್ಲಿ ಕೇಳಿದಳು. ಹೊಸದೇನಲ್ಲ. ಡೆನ್ಮಾರ್ಕ್‌ನಲ್ಲಿ 1950ರ ದಶಕದಲ್ಲೇ ಇಂಥದ್ದು ಶುರುವಾಗಿತ್ತು, ಜರ್ಮನಿಯಲ್ಲಿ 1993ರಲ್ಲಿ ಫ್ಲೆನ್ಸ್‌ಬುರ್ಗ್‌ನ ಬಾಲವಾಡಿಗೆ ಸರ್ಕಾರದ ಮಾನ್ಯತೆ ಸಿಕ್ಕ ಮೇಲೆ ಊರೂರಿಗೂ ಹಬ್ಬಿತು. ಆದರೆ ಅಮ್ಮನ ನಿಜವಾದ ಪ್ರಶ್ನೆ ಬೇರೆ ಇತ್ತು. 'ಉಣುಗು ಇಲ್ವಾ ಅಲ್ಲಿ?'

ನಾವು ಸೊರಬ ತಾಲ್ಲೂಕಿನವರು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಜನರಿಗೂ ಜ್ವರ ಬಂದಾಗ ಆ ಕಾಯಿಲೆಗೆ ನಮ್ಮ ಕಾಡಿನ ಹೆಸರನ್ನೇ ಇಟ್ಟರು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳದಿಂದ. ಬೇಸಿಗೆಯಲ್ಲಿ ಸೊಪ್ಪು ತರಲು ಕಾಡಿಗೆ ಹೋಗಬೇಡಿ ಅಂತ ಕೇಳಿಕೊಂಡೇ ಬೆಳೆದವಳು ನಾನು. ಇಲ್ಲಿಗೆ ಬಂದು ನೋಡಿದರೆ ಇಲ್ಲಿನ ಉಣುಗಿನಿಂದಲೂ ಮಿದುಳಿಗೆ ಏರುವ ಜ್ವರ ಬರುತ್ತದೆ, ಎಫ್‌ಎಸ್‌ಎಂಇ ಅನ್ನುತ್ತಾರೆ, ಮತ್ತು ಆ ವೈರಸ್ಸು ನಮ್ಮ ಕ್ಯಾಸನೂರು ವೈರಸ್ಸಿನ ಹತ್ತಿರದ ಬಂಧು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ವಿಷಯದಲ್ಲಿ ಬಾಲವಾಡಿಯವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಮೊದಲ ಭೇಟಿಯಲ್ಲೇ ಲಸಿಕೆ ಹಾಕಿಸಿದ್ದೀರಾ ಅಂತ ಕೇಳಿದರು. ಮೂರು ಡೋಸ್, ನಮ್ಮ ಕಡೆ ಇನ್ಶೂರೆನ್ಸ್‌ನವರೇ ದುಡ್ಡು ಕೊಡುತ್ತಾರೆ. ಉಣುಗಿನಿಂದ ಬರುವ ಇನ್ನೊಂದು ರೋಗ ಬೊರೆಲಿಯೋಸಿಸ್, ಅದಕ್ಕೆ ಲಸಿಕೆ ಇಲ್ಲ. ಆದರೆ ಉಣುಗನ್ನು ಬೇಗ ತೆಗೆದಷ್ಟೂ ಅಪಾಯ ಕಡಿಮೆ. ಹಾಗಾಗಿ ಬಿಸಿಲಲ್ಲೂ ಉದ್ದ ತೋಳು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಮನೆಗೆ ಬಂದ ಕೂಡಲೇ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ, ತೊಡೆಯ ಸಂದು, ತಲೆಕೂದಲು ಎಲ್ಲಾ ನೋಡಬೇಕು. ದಿನಾ. ಎರಡು ವರ್ಷದಲ್ಲಿ ಏಳು ಉಣುಗು ತೆಗೆದೆ. ಈ ಕೆಲಸ ನಿಮಗೆ ಆಗದು ಅನ್ನಿಸಿದರೆ ದಯವಿಟ್ಟು ಇಂಥ ಕಡೆ ಸೇರಿಸಬೇಡಿ.

ಇನ್ನು ಬಟ್ಟೆ. ಮೊದಲ ನವೆಂಬರ್‌ನಲ್ಲಿ ಹತ್ತಿ ಬಟ್ಟೆ ತೊಡಿಸಿ ಕಳಿಸಿದ್ದೆ, ಅದು ಒದ್ದೆಯಾಗಿ ಮಗು ನಡುಗುತ್ತಾ ಬಂತು, ತಪ್ಪು ನನ್ನದೇ. ಒದ್ದೆಯಾದರೂ ಉಣ್ಣೆ ಬೆಚ್ಚಗಿರುತ್ತದೆ. ಕಂಬಳಿ ಕೊಪ್ಪೆ ಹೊದ್ದು ಗದ್ದೆ ನಟ್ಟಿ ಮಾಡಿದ ಮನೆಯವಳಿಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ? ಒಳಗೆ ಉಣ್ಣೆ, ಮೇಲೆ ನೀರು ಇಳಿಯದ ಪ್ಯಾಂಟು. ಅದು ಹೊಸದಾದರೆ ದುಬಾರಿ, ಹಳೆಯದು ಕೊಳ್ಳಿ, ಯಾಕೆಂದರೆ ಆರು ತಿಂಗಳಿಗೆ ಗಿಡ್ಡವಾಗುತ್ತದೆ.

ಏನು ಕಲಿತಳು ಅಂತ ನಮ್ಮವರೆಲ್ಲ ಕೇಳುತ್ತಾರೆ. ಅಕ್ಷರ ಕಲಿಸುವುದಿಲ್ಲ, ಅದು ಆರರ ನಂತರ ಶಾಲೆಯಲ್ಲಿ. ಬೆಳಿಗ್ಗೆ ಸುತ್ತ ನಿಂತು ಮಕ್ಕಳೇ ಮಕ್ಕಳನ್ನು ಎಣಿಸುತ್ತಾರೆ, ಯಾರು ಬಂದಿಲ್ಲ ಅಂತ ಹೇಳುತ್ತಾರೆ, ಎಣಿಕೆ ಅಲ್ಲೇ ಬಂತು. ನಾಲ್ಕೂವರೆ ವರ್ಷಕ್ಕೆ ಕೈಗೆ ಚಾಕು ಕೊಟ್ಟರು. ಕೂತೇ ಕೆತ್ತಬೇಕು, ಅಲುಗು ಮೈಯಿಂದ ಆಚೆಗೆ ಸರಿಯಬೇಕು, ಒಂದು ತೋಳಿನಷ್ಟು ದೂರದೊಳಗೆ ಯಾರೂ ಇರಬಾರದು. ಒಂದು ವಾರ ಪೂರ್ತಿ ಹಳ್ಳಕ್ಕೆ ಒಡ್ಡು ಕಟ್ಟಿದರು. ಮೊದಲ ದಿನ ಬರೀ ಮಣ್ಣು ಹಾಕಿದರು, ಕೊಚ್ಚಿಹೋಯಿತು. ಆಮೇಲೆ ಕಲ್ಲು, ಕಲ್ಲಿನ ಸಂದಿಗೆ ಪಾಚಿ, ಕಡೆಗೆ ಒಂದು ಮೂಲೆಯಲ್ಲಿ ನೀರು ಹೋಗಲು ದಾರಿ. ಟೀಚರ್ ಪಕ್ಕದಲ್ಲೇ ಕೂತಿದ್ದರು, ಒಂದು ದಿನವೂ ಹೀಗೆ ಮಾಡು ಅನ್ನಲಿಲ್ಲವಂತೆ. ನಾನಾಗಿದ್ದರೆ ಮೊದಲ ದಿನವೇ ಹೇಳಿಬಿಡುತ್ತಿದ್ದೆ. ನನಗೆ ಇಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಈ ತಾಳ್ಮೆ. ಇದಕ್ಕಾಗಿಯೇ ಎರಡನೇ ವರ್ಷ ಮಾಮೂಲಿ ಕಡೆ ಜಾಗ ಸಿಕ್ಕಾಗಲೂ ಬಿಡಿಸಲಿಲ್ಲ.

ಭಾಷೆಯೂ ಮರದಿಂದಲೇ ಬಂತು. ಬುಖೆ, ಐಖೆ, ಫಿಖ್ಟೆ ಅಂತ ಮರಗಳನ್ನು ಮುಟ್ಟಿ ಮುಟ್ಟಿ ಜರ್ಮನ್ ಕಲಿತಳು. ರಾತ್ರಿ ನಾನು ಮತ್ತಿ, ಹೊನ್ನೆ, ನಂದಿ, ಹೆಬ್ಬಲಸು ಅಂತ ಹೇಳಿಕೊಡುತ್ತೇನೆ.

ಕಷ್ಟಗಳೂ ಇವೆ. ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ, ಗಂಡ ಹೆಂಡತಿ ಇಬ್ಬರೂ ಪೂರ್ತಿ ದಿನ ಕೆಲಸ ಮಾಡುವವರಿಗೆ ಇದು ಆಗುವುದಿಲ್ಲ, ನಾನು ಅರ್ಧ ದಿನದ ಕೆಲಸಕ್ಕೆ ಇಳಿಯಬೇಕಾಯಿತು. ಇಬ್ಬರು ಟೀಚರ್‌ಗಳು ಹುಷಾರು ತಪ್ಪಿದರೆ ಬೆಳಿಗ್ಗೆ ಏಳಕ್ಕೆ ಮೆಸೇಜ್ ಬರುತ್ತದೆ, ಇವತ್ತು ರಜೆ. ಒಂದು ಚಳಿಗಾಲದಲ್ಲಿ ಹೀಗೆ ಹನ್ನೊಂದು ದಿನ ಹೋಯಿತು, ಮೊದಲೇ ಇದನ್ನು ಬಿಡಿಸಿ ಹೇಳಬೇಕಿತ್ತು. ಸೌದೆ ಒಡೆಯುವುದು, ಗಾಡಿ ತೊಳೆಯುವುದು ಪೋಷಕರ ಸರದಿ. ತಿಂಡಿಗೆ ಸಿಹಿ ಕಳಿಸುವಂತಿಲ್ಲ, ಕಣಜ ಬರುತ್ತದೆ. ನಾವು ಇಡ್ಲಿ ಕಳಿಸುತ್ತಿದ್ದೆವು, ಚಪಾತಿ ಚಳಿಗೆ ಗಟ್ಟಿಯಾಗುತ್ತದೆ.

ಸೇರಿಸುವ ಮುಂಚೆ ಒಂದು ದಿನ ಮಗುವಿನ ಜೊತೆ ಇದ್ದು ನೋಡಲು ಬಿಡುತ್ತಾರೆ, ಬೇಕಂತಲೇ ಮಳೆಯ ದಿನ ಹೋಗಿ.

ಕಾಡಿನಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಬಾರದು ಅನ್ನುವುದು ಅಲ್ಲಿನ ಮೊದಲ ನಿಯಮ. ವಿಷದ ಹಣ್ಣು ಇರಬಹುದು, ನರಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆಯೂ ಇರಬಹುದು. ಹೋದ ಆಗಸ್ಟ್‌ನಲ್ಲಿ ಊರಿಗೆ ಹೋದಾಗ ಮಗಳು ಪೇರಳೆ ಮರದ ಕೆಳಗೆ ಹಣ್ಣು ಹಿಡಿದು ನಿಂತೇ ಇದ್ದಳು, ಅಜ್ಜಿ ಬಂದು ಹೇಳುವ ತನಕ ಕಚ್ಚಲಿಲ್ಲ.