ಸ್ಪ್ಯಾನಿಷ್ ಸಬ್ಜಂಕ್ಟಿವ್‌ಗೆ ಆಂಕಿ: ಬಹುಕಾಲ ಬಳಸಿದ ಮೇಲೆ

ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆಪ್ ಸ್ಪ್ಯಾನಿಷ್ ಕಲಿಕೆಯ ಶುರುವಿನಿಂದಲೂ ನನ್ನ ಫೋನಿನಲ್ಲಿದೆ. ಪದಗಳಿಗೆ ಯಾವ ಆಪ್ ಆದರೂ ನಡೆಯುತ್ತದೆ. ವರ್ತಮಾನ ಸಬ್ಜಂಕ್ಟಿವ್‌ಗೆ (ಅನುಮಾನ, ಆಸೆ, ಇನ್ನೂ ನಡೆಯದ ಸಂಗತಿಗಳನ್ನು ಹೇಳುವಾಗ ಬರುವ ಕ್ರಿಯಾರೂಪಕ್ಕೆ) ಮಾತ್ರ ನಾನು ಇದನ್ನೇ ಹೇಳುವುದು.

ನಿಯಮಿತ ಕ್ರಿಯಾಪದಗಳ ನಿಯಮ ಚಿಕ್ಕದು. ‘ನಾನು’ ರೂಪದ ಕೊನೆಯ ‘ಒ’ ತೆಗೆದು, ‘ಆರ್’ ಎಂದು ಕೊನೆಯಾಗುವ ಕ್ರಿಯಾಪದಗಳ ಗುಂಪಿಗೆ ‘ಎ’, ‘ಎರ್’ ಮತ್ತು ‘ಇರ್’ ಗುಂಪುಗಳಿಗೆ ‘ಆ’ ಸೇರಿಸಬೇಕು: ಆಬ್ಲೊ (ಮಾತಾಡುತ್ತೇನೆ) ಇದ್ದದ್ದು ಆಬ್ಲೆ, ಕೊಮೊ (ತಿನ್ನುತ್ತೇನೆ) ಇದ್ದದ್ದು ಕೊಮಾ, ಬಿಬೊ (ಬದುಕುತ್ತೇನೆ) ಇದ್ದದ್ದು ಬಿಬಾ. ಇಷ್ಟನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಬಹುದು. ಮಾತಾಡುವಾಗ ಅದು ಎಲ್ಲಿ ಬೇಕೆಂದು ಹೊಳೆಯುವುದೇ ಕಷ್ಟ.

ಆದ್ದರಿಂದ ಕೋಷ್ಟಕವನ್ನು ಕಾರ್ಡಿಗೆ ಇಳಿಸಬೇಡಿ. ಇಡೀ ವಾಕ್ಯ ಬರೆದು ಕ್ರಿಯಾಪದವನ್ನಷ್ಟೇ ಮರೆಮಾಡಿ. ಆಂಕಿಯಲ್ಲಿ ಅದಕ್ಕೆಂದೇ ‘ಕ್ಲೋಜ್’ ಕಾರ್ಡ್ ಇದೆ. ‘ಕ್ರೆಯೊ ಕೆ’ (ಅಂದುಕೊಂಡಿದ್ದೇನೆ) ಬಂದರೆ ಸಾಮಾನ್ಯ ರೂಪ, ‘ನೊ ಕ್ರೆಯೊ ಕೆ’ ಬಂದರೆ ಸಬ್ಜಂಕ್ಟಿವ್. ಎರಡಕ್ಕೂ ಕಾರ್ಡ್ ಇರಲಿ. ಬರೀ ಸಬ್ಜಂಕ್ಟಿವ್ ವಾಕ್ಯಗಳನ್ನೇ ತುಂಬಿದರೆ ಕಣ್ಣುಮುಚ್ಚಿ ಉತ್ತರ ಕೊಡಬಹುದು, ಆಯ್ಕೆ ಮಾಡುವ ಅಭ್ಯಾಸವೇ ಆಗುವುದಿಲ್ಲ. ‘ಕ್ವಾಂದೊ’ದ ಜೋಡಿಯಂತೂ ಇರಲೇಬೇಕು: ದಿನಾ ನೀನು ಬಂದಾಗ ಎನ್ನಲು ‘ಕ್ವಾಂದೊ ಯೆಗಾಸ್’, ನಾಳೆ ನೀನು ಬಂದಾಗ ಎನ್ನಲು ‘ಕ್ವಾಂದೊ ಯೆಗೆಸ್’. ಕಾಲದ ಸುಳಿವು ವಾಕ್ಯದಲ್ಲೇ ಇರಬೇಕು. ಕರ್ತೃಪದವನ್ನೂ ಬಿಡಬೇಡಿ, ಏಕೆಂದರೆ ‘ನಾನು’ ಮತ್ತು ‘ಅವನು’ ಎರಡಕ್ಕೂ ಇಲ್ಲಿ ಒಂದೇ ರೂಪ.

ನನಗೆ ಅತಿ ಹೆಚ್ಚು ನೆರವಾದದ್ದು ಉತ್ತರವನ್ನು ಟೈಪ್ ಮಾಡಿಸುವ ಸೌಲಭ್ಯ. ಬುಸ್ಕಾರ್ (ಹುಡುಕು) ಎಂಬುದು ಬುಸ್ಕೆ ಆಗುವಾಗ ಕಿವಿಗೆ ವಿಶೇಷವೇನೂ ಕೇಳಿಸದು, ಆದರೆ ‘ಕ’ ಧ್ವನಿ ಉಳಿಯಬೇಕೆಂದು ‘ಸಿ’ ಅಕ್ಷರದ ಜಾಗಕ್ಕೆ ‘ಕ್ಯೂ-ಯು’ ಬರುತ್ತದೆ. ಯೆಗಾರ್‌ನಲ್ಲಿ (ಬರು) ‘ಜಿ’ ಆದಮೇಲೆ ‘ಯು’ ಸೇರುತ್ತದೆ. ಒಂದಕ್ಷರ ತಪ್ಪಿದರೂ ಆಂಕಿ ಬಣ್ಣದಲ್ಲಿ ತೋರಿಸುತ್ತದೆ. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಸಾಕೆನ್ನುವವರು ‘ಬೊಸೊತ್ರೋಸ್’ (ಸ್ಪೇನ್‌ನಲ್ಲಿ ಬಳಸುವ ‘ನೀವೆಲ್ಲ’) ಕಾರ್ಡುಗಳನ್ನು ಅಳಿಸದೆ ‘ಸಸ್ಪೆಂಡ್’ ಮಾಡಿ, ಅಂದರೆ ಸದ್ಯಕ್ಕೆ ಬದಿಗೆ ಸರಿಸಿ ಇಟ್ಟುಕೊಳ್ಳಬಹುದು.

ವ್ಯಾಕರಣವನ್ನು ಇದು ವಿವರಿಸುವುದಿಲ್ಲ, ಅದಕ್ಕೆ ಪುಸ್ತಕವೋ ಮೇಷ್ಟ್ರೋ ಬೇಕು. ಬೇರೆಯವರು ಮಾಡಿಟ್ಟ ಡೆಕ್‌ಗಳು (ಕಾರ್ಡುಗಳ ಕಟ್ಟುಗಳು) ಸಿಗುತ್ತವೆ, ಆದರೂ ಸ್ವಂತ ವಾಕ್ಯಗಳನ್ನೇ ಬರೆಯಿರಿ; ನೀವು ನಿಜವಾಗಿ ಹೇಳಬೇಕಾದ ಮಾತಾದರೆ ಬೇಗ ನಾಲಿಗೆಗೆ ಬರುತ್ತದೆ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್ ಆಪ್‌ಗೆ ಒಮ್ಮೆ ಹಣ ಕೊಡಬೇಕು. ಸ್ಪ್ಯಾನಿಷ್‌ನಲ್ಲಿ ಮೇಲೆ ಗುರುತಿರುವ ಅಕ್ಷರಗಳು (á, ñ ಥರದವು) ಇರುವುದರಿಂದ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಬರೆದು ಫೋನಿಗೆ ಸಿಂಕ್ ಮಾಡಿಕೊಳ್ಳುವುದು ಸಲೀಸು.