ಟೊರ್ನಾಡೊ ನೋಡಲು ಯಾವುದು ಸರಿ: ದೊಡ್ಡ ಟೂರ್, ಚಿಕ್ಕ ಟೂರ್, ಇಲ್ಲ ಸ್ವಂತ ಕಾರು?

ಯುಗಾದಿ ಕಳೆದರೆ ಸಾಕು, ಡಲ್ಲಾಸ್ ಸುತ್ತಮುತ್ತಲಿನ ಕನ್ನಡದ ಗೆಳೆಯರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. "ಟೊರ್ನಾಡೊ ಟೂರ್‌ಗೆ ಅಷ್ಟು ದುಡ್ಡು ಕೊಡಬೇಕಾ, ಇಲ್ಲ ನಾವೇ ಕಾರು ತಗೊಂಡು ಹೊರಟುಬಿಡೋಣ್ವಾ?" ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಮೇ ತಿಂಗಳಲ್ಲಿ ಒಕ್ಲಹೋಮ ಸಿಟಿಯಿಂದ ಸಾಲು ವ್ಯಾನ್‌ಗಳಲ್ಲಿ ಹೊರಡುವ ದೊಡ್ಡ ಟೂರ್‌ಗೆ ಹೋಗಿದ್ದೇನೆ. ಜೂನ್‌ನಲ್ಲಿ ಡೆನ್ವರ್‌ನಿಂದ ಒಂದೇ ವ್ಯಾನ್‌ನಲ್ಲಿ ಹೊರಡುವ ಚಿಕ್ಕ ಟೂರ್‌ಗೂ ಹೋಗಿದ್ದೇನೆ. ಆಮೇಲೆ ಒಬ್ಬ ಗೆಳೆಯನ ಜೊತೆ ನಮ್ಮದೇ ಕಾರಿನಲ್ಲಿ ತಿರುಗಿದ್ದೇನೆ. ಮೊದಲ ಸಲ ಹೋಗುವವರಿಗೆ ನನ್ನ ಓಟು ಚಿಕ್ಕ ಟೂರ್‌ಗೆ, ಅದೂ ಜೂನ್‌ನಲ್ಲಿ.

ನಾನು ಮುಖ್ಯವಾಗಿ ನೋಡುವುದು ಒಂದನ್ನೇ. ಇವತ್ತು ಎಲ್ಲಿಗೆ ಹೋಗಬೇಕು ಅನ್ನುವ ತೀರ್ಮಾನ ಬೆಳಿಗ್ಗೆ ಹೇಗಾಗುತ್ತದೆ, ಅದರಲ್ಲಿ ನಮಗೆ ಎಷ್ಟು ಪಾಲು ಸಿಗುತ್ತದೆ? ಸಂಜೆ ಆರಕ್ಕೆ ಕಣ್ಣಿಗೆ ಬೀಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳಿಗ್ಗೆ ಹತ್ತಕ್ಕೇ ನಿರ್ಧಾರವಾಗಿರುತ್ತದೆ. ಅದು ಅರ್ಥವಾಗದೆ ಹೋದರೆ ಉಳಿದದ್ದೆಲ್ಲ ಸುಮ್ನೆ ದಿನಕ್ಕೆ ಮುನ್ನೂರು, ಐನೂರು ಮೈಲಿ ವ್ಯಾನ್‌ನಲ್ಲಿ ಕೂತ ಹಾಗೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಟೆಕ್ಸಸ್‌ನಿಂದ ಒಕ್ಲಹೋಮ, ಕಾನ್ಸಸ್, ನೆಬ್ರಾಸ್ಕ ದಾಟಿ ಡಕೋಟಾಗಳವರೆಗೂ ಗ್ರೇಟ್ ಪ್ಲೇನ್ಸ್ ಬಯಲು ಹರಡಿದೆ. ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ತೇವದ ಗಾಳಿ ಬರುತ್ತದೆ. ಪಶ್ಚಿಮದ ಎತ್ತರದ ಒಣ ನೆಲದಿಂದ ಬಿಸಿ ಗಾಳಿ ಬಂದು ಅದರ ಮೇಲೆ ಕೂರುತ್ತದೆ. ಈ ಬಿಸಿ ಪದರಕ್ಕೆ ಕ್ಯಾಪ್ ಅನ್ನುತ್ತಾರೆ. ಕುಕ್ಕರ್ ಮುಚ್ಚಳದ ಹಾಗೆ ಅದು ಕೆಳಗಿನ ತೇವವನ್ನು ಮಧ್ಯಾಹ್ನದವರೆಗೆ ಅದುಮಿ ಹಿಡಿಯುತ್ತದೆ. ಬೇಗ ಬಿಟ್ಟುಕೊಟ್ಟರೆ ಎಲ್ಲ ಕಡೆ ಒಟ್ಟಿಗೆ ಮೋಡ ಎದ್ದು ಒಂದರೊಳಗೊಂದು ಕಲಸಿಹೋಗುತ್ತವೆ. ಬಿಟ್ಟುಕೊಡದೇ ಹೋದರೆ ನೀಲಿ ಆಕಾಶ ನೋಡಿಕೊಂಡು ವಾಪಸ್ ಬರಬೇಕು. ಸಂಜೆ ನಾಲ್ಕೈದರ ಹೊತ್ತಿಗೆ ಒಂದೆರಡು ಕಡೆ ಮಾತ್ರ ಒಡೆದರೆ ಅಲ್ಲಿ ಸೂಪರ್‌ಸೆಲ್, ಅಂದರೆ ಟೊರ್ನಾಡೊ ಹುಟ್ಟಿಸಬಲ್ಲ ತಿರುಗುವ ಗುಡುಗು ಮೋಡ, ಏಳುವ ಅವಕಾಶ ಇರುತ್ತದೆ.

ಕರ್ನಾಟಕದ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲೂ ಶಾಖ, ತೇವ ಎರಡೂ ಇರುತ್ತವೆ ಅಲ್ವಾ? ಆದರೆ ಮೇಲಿನ ಗಾಳಿಗೆ ಇಲ್ಲಿಯಷ್ಟು ಬಿರುಸಿರುವುದಿಲ್ಲ. ಮೋಡ ನೆಟ್ಟಗೆ ಬೆಳೆಯುತ್ತದೆ, ತನ್ನ ಮಳೆ ತನ್ನ ಬುಡಕ್ಕೇ ಸುರಿದು ಬಹಳ ಸಲ ಗಂಟೆಯೊಳಗೆ ತಣ್ಣಗಾಗುತ್ತದೆ. ಇಲ್ಲಿ ಮೇಲೆ ಹೋದಂತೆಲ್ಲ ಗಾಳಿ ದಿಕ್ಕು ಬದಲಿಸುತ್ತದೆ, ವೇಗವೂ ಏರುತ್ತದೆ. ಅದಕ್ಕೆ ಶಿಯರ್ ಅನ್ನುತ್ತಾರೆ. ಮೋಡ ಓರೆಯಾಗುತ್ತದೆ, ಮಳೆ ಪಕ್ಕಕ್ಕೆ ಬೀಳುತ್ತದೆ, ಮೇಲೇರುವ ಗಾಳಿ ತಿರುಗತೊಡಗುತ್ತದೆ. ಹಾಗಾಗಿ ಒಂದೇ ಮೋಡ ಗಂಟೆಗಟ್ಟಲೆ ಬದುಕುತ್ತದೆ.

ಈಗ ದೊಡ್ಡ ಟೂರ್. ವ್ಯವಸ್ಥೆ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಹೋಟೆಲ್ ಹುಡುಕುವ ತಲೆನೋವಿಲ್ಲ, ವ್ಯಾನ್‌ನಿಂದ ವ್ಯಾನ್‌ಗೆ ವಾಕಿಟಾಕಿ, ಕಿಟಕಿ ಸೀಟು ದಿನಾ ಸರದಿ ಪ್ರಕಾರ. ಬ್ರಿಟನ್, ಆಸ್ಟ್ರೇಲಿಯಾ, ಜರ್ಮನಿಯಿಂದ ಬಂದವರ ಜೊತೆ ಹರಟೆ ಚೆನ್ನಾಗಿತ್ತು. ಆದರೆ ಬೆಳಗಿನ ಬ್ರೀಫಿಂಗ್ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ನಕ್ಷೆ ತೋರಿಸಿ, "ಇವತ್ತು ಚಿಲ್ಡ್ರೆಸ್ ಕಡೆಗೆ" ಅಂದು ಬ್ಯಾಗ್ ಹಾಕಿಸುತ್ತಿದ್ದರು. ಎರಡೂ ಟೆಕ್ಸಸ್‌ನ ಊರುಗಳೇ, ಯಾಕೆ ಚಿಲ್ಡ್ರೆಸ್, ಯಾಕೆ ಶಾಮ್ರಾಕ್ ಅಲ್ಲ ಅಂತ ಕೇಳಲು ಅಷ್ಟು ಜನರ ನಡುವೆ ಪುರುಸೊತ್ತೇ ಇರಲಿಲ್ಲ. ಇನ್ನೊಂದು ಕಷ್ಟ, ಅಷ್ಟೂ ಜನ ಪೆಟ್ರೋಲ್ ಬಂಕ್‌ನಲ್ಲಿ ಇಳಿದು ಮತ್ತೆ ಹತ್ತಬೇಕು. ಮೋಡ ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ಓಡುವಾಗ ಶೌಚಾಲಯದ ಮುಂದಿನ ಅರ್ಧ ಗಂಟೆಯ ಕ್ಯೂ ಇಪ್ಪತ್ತು ಮೈಲಿಗೆ ಸಮ. ಒಂದು ಸಂಜೆ ನಾವು ಹೊರಡುವಷ್ಟರಲ್ಲಿ ಮೋಡ ರೆಡ್ ರಿವರ್ ದಾಟಿತ್ತು. ಆ ನದಿಗೆ ಅಲ್ಲಿ ಸೇತುವೆಗಳು ಕಡಿಮೆ. ಸುತ್ತಿ ಬಳಸಿ ಹೋಗುವ ಹೊತ್ತಿಗೆ ಕತ್ತಲಾಗಿತ್ತು.

ಮೋಡ ಇಲ್ಲದ ದಿನಗಳಲ್ಲಿ ಮಾತ್ರ ದೊಡ್ಡ ಟೂರ್ ಗೆಲ್ಲುತ್ತದೆ. ಆಮರಿಲ್ಲೊ ಹತ್ತಿರದ ಪಾಲೊ ಡ್ಯೂರೊ ಕಣಿವೆ, ನಾರ್ಮನ್‌ನ ನ್ಯಾಷನಲ್ ವೆದರ್ ಸೆಂಟರ್ ಎಲ್ಲವನ್ನೂ ಚೆನ್ನಾಗಿ ತೋರಿಸಿದರು. ಮನೆಯವರನ್ನು ಕರೆದುಕೊಂಡು ಹೋಗಿ, ಮೋಡ ಸಿಕ್ಕರೆ ಸಿಗಲಿ ಅನ್ನುವವರಿಗೆ ಇದೇ ಸರಿ.

ಚಿಕ್ಕ ಟೂರ್‌ನಲ್ಲಿ ನಾವು ಬೆರಳೆಣಿಕೆಯ ಜನ. ಓಡಿಸುವವರೇ ಮುನ್ಸೂಚನೆ ಹೇಳುವವರು. ಬೆಳಿಗ್ಗೆ ಏಳಕ್ಕೆ ಹವಾಮಾನ ಇಲಾಖೆಯ ಬಲೂನ್ ಮಾಪನ ಬರುತ್ತದೆ. ಇಲಾಖೆ ಈ ಬಯಲಿನ ಕೆಲವು ಊರುಗಳಿಂದ ಬಲೂನ್ ಬಿಟ್ಟು ಮೇಲಿನ ಗಾಳಿಯನ್ನು ಅಳೆಯುತ್ತದೆ. ಕಾಫಿ ಕುಡಿಯುತ್ತಾ ಆ ಗ್ರಾಫ್ ಮುಂದೆ ಕೂರಿಸಿ, ಕ್ಯಾಪ್ ಎಲ್ಲಿದೆ, ಎಷ್ಟು ಡಿಗ್ರಿ ಬಿಸಿಯಾದರೆ ಒಡೆಯುತ್ತದೆ ಅಂತ ನಮ್ಮಿಂದಲೇ ಹೇಳಿಸುತ್ತಿದ್ದರು. ಮಧ್ಯಾಹ್ನ ಯಾವುದೋ ಚಿಕ್ಕ ಊರಿನ ಪಾರ್ಕ್‌ನಲ್ಲಿ ಕಾಯುವಾಗ ಮತ್ತೆ ಅದೇ ಚರ್ಚೆ. ನನಗೆ ಈ ವಿದ್ಯೆಯ ರುಚಿ ಹತ್ತಿದ್ದು ಅಲ್ಲಿ. ಕೊಲರಾಡೊ ಗಡಿ ಹತ್ತಿರ ಒಂದು ಸಂಜೆ ಸೂಪರ್‌ಸೆಲ್‌ನ ಬುಡ ಪೂರ್ತಿ ತಿರುಗುವುದನ್ನು ಆಗ್ನೇಯ ದಿಕ್ಕಿನಲ್ಲಿ ನಿಂತು ನೋಡಿದೆವು. ಟೊರ್ನಾಡೊ ಆಗಲಿಲ್ಲ. ನನಗೆ ಬೇಜಾರೂ ಆಗಲಿಲ್ಲ. ಅದು ಅಲ್ಲೇ ಏಳುತ್ತದೆ ಅಂತ ಬೆಳಿಗ್ಗೆ ನಾವೇ ನಕ್ಷೆಯಲ್ಲಿ ಗುರುತು ಹಾಕಿದ್ದೆವು!

ಕಷ್ಟವೂ ಇದೆ. ಒಬ್ಬರೇ ಓಡಿಸಿ, ರೇಡಾರ್ ನೋಡಿ, ರಾತ್ರಿ ರೂಮ್ ಹುಡುಕಬೇಕು. ಕೊನೆ ದಿನಗಳಲ್ಲಿ ಅವರ ಸುಸ್ತು ಎದ್ದು ಕಾಣುತ್ತಿತ್ತು. ಸಸ್ಯಾಹಾರಿಗಳಿಗಂತೂ ಎರಡೂ ಟೂರ್‌ಗಳಲ್ಲಿ ಪರದಾಟ. ರಾತ್ರಿ ಹತ್ತಕ್ಕೆ ಮೋಡ ಬಿಟ್ಟು ಬಂದರೆ ಆ ಊರುಗಳಲ್ಲಿ ತೆರೆದಿರುವುದು ಪೆಟ್ರೋಲ್ ಬಂಕ್ ಅಂಗಡಿ ಮಾತ್ರ. ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿ ಜೊತೆಗಿರಲಿ.

ದುಡ್ಡಿನ ಲೆಕ್ಕದಲ್ಲಿ ಎರಡು ಟೂರ್‌ಗಳ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನಾನು ಹೋದಾಗ ವಾರ, ಹತ್ತು ದಿನಕ್ಕೆ 3,000 ಡಾಲರ್ ಆಸುಪಾಸು ಇತ್ತು, ರೂಮ್ ಹಂಚಿಕೊಳ್ಳಬೇಕು, ಊಟ ಮತ್ತು ವಿಮಾನ ಬೇರೆ. ಸ್ವಂತ ಕಾರಿನಲ್ಲಿ ಇಬ್ಬರು ಹೋದರೆ ಇದರ ಅರ್ಧವೂ ಆಗುವುದಿಲ್ಲ. ಆದರೆ ಆಲಿಕಲ್ಲಿಗೆ ಮುಂದಿನ ಗಾಜು ಹೋದರೆ ಲೆಕ್ಕ ತಲೆಕೆಳಗು. ಬಾಡಿಗೆ ಕಾರಾದರೆ ಒಪ್ಪಂದವನ್ನು ಪೂರ್ತಿ ಓದಿ. ಮಣ್ಣು ರಸ್ತೆಗೆ ಇಳಿಸಬಾರದು ಅನ್ನುವ ಷರತ್ತು ಬಹಳ ಕಡೆ ಇರುತ್ತದೆ. ಇಲ್ಲಿನ ಎಷ್ಟೋ ಹಳ್ಳಿ ರಸ್ತೆಗಳು ಮಣ್ಣಿನವೇ. ಒಕ್ಲಹೋಮದ ಕೆಂಪು ಜೇಡಿ ನೆಂದರೆ ಕಾರು ಹಿಡಿತಕ್ಕೇ ಸಿಗುವುದಿಲ್ಲ.

ಸ್ವಂತ ಕಾರಿನ ಸುಖ ಸ್ವಾತಂತ್ರ್ಯ. ನಾಳೆ ಚೆನ್ನಾಗಿದೆ ಅಂತ ಕಂಡರೆ ಹೊರಡುವುದು, ಇಲ್ಲದಿದ್ದರೆ ಆಫೀಸಿಗೆ ಹೋಗುವುದು. ಟೂರ್‌ನಲ್ಲಿ ತಿಂಗಳುಗಳ ಮೊದಲೇ ತಾರೀಕು ಹಿಡಿದಿರಬೇಕು, ಆ ವಾರ ಆಕಾಶ ಸುಮ್ಮನಿದ್ದರೆ ಏನೂ ಮಾಡಲಾಗದು. ಡಲ್ಲಾಸ್‌ನಲ್ಲಿರುವ ನಮಗೆ ಇದು ದೊಡ್ಡ ಅನುಕೂಲ. ಆದರೆ ಒಬ್ಬರೇ ಯಾವತ್ತೂ ಹೋಗಬೇಡಿ. ಒಬ್ಬರು ಓಡಿಸಬೇಕು, ಒಬ್ಬರು ರೇಡಾರ್ ನೋಡಬೇಕು. ಫೋನ್‌ಗೆ ಬರುವ ರೇಡಾರ್ ಚಿತ್ರ ಕೆಲವು ನಿಮಿಷ ಹಳೆಯದು. ಟೆಕ್ಸಸ್‌ನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್‌ನಲ್ಲಿ, ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್‌ನಲ್ಲಿ ಎಷ್ಟೋ ಕಡೆ ಸಿಗ್ನಲ್ಲೇ ಇಲ್ಲ. ಆಗ ಕಣ್ಣು, ಕಾಗದದ ನಕ್ಷೆ, ಹವಾಮಾನ ರೇಡಿಯೊ ಮೂರೇ ಆಧಾರ.

ಅಪಾಯದ ಬಗ್ಗೆ ಇಲ್ಲೇ ಹೇಳಬೇಕು. 2013ರ ಮೇ 31ರಂದು ಒಕ್ಲಹೋಮದ ಎಲ್ ರೀನೊ ಹತ್ತಿರ ಎದ್ದ ಟೊರ್ನಾಡೊ 2.6 ಮೈಲಿ ಅಗಲವಾಗಿತ್ತು. ಅದು ಇದ್ದಕ್ಕಿದ್ದಂತೆ ದಾರಿ ಬದಲಿಸಿ ವೇಗ ಹೆಚ್ಚಿಸಿಕೊಂಡಿತು. ಟೊರ್ನಾಡೊ ಅಳೆಯುವುದರಲ್ಲಿ ಬಹಳ ಅನುಭವವಿದ್ದ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅಲ್ಲಿ ತೀರಿಕೊಂಡರು. 2022ರ ಏಪ್ರಿಲ್‌ನಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಮೂವರು ಹವಾಮಾನ ವಿದ್ಯಾರ್ಥಿಗಳು ಕಾನ್ಸಸ್‌ನಿಂದ ಮೋಡ ನೋಡಿ ವಾಪಸ್ ಬರುವಾಗ, ಒದ್ದೆ ಹೆದ್ದಾರಿಯಲ್ಲಿ ಕಾರು ಜಾರಿ ಪ್ರಾಣ ಕಳೆದುಕೊಂಡರು. ನನಗೆ ಈ ಎರಡನೆಯದೇ ಹೆಚ್ಚು ಕಾಡುತ್ತದೆ. ನಮ್ಮಂಥವರಿಗೆ ಟೊರ್ನಾಡೊಗಿಂತ ಹತ್ತಿರದ ಅಪಾಯ ರಾತ್ರಿ, ಮಳೆ, ನಿದ್ದೆಗಣ್ಣು. ಕತ್ತಲಾದ ಮೇಲೆ ಮೋಡದ ಹಿಂದೆ ಹೋಗುವುದಿಲ್ಲ ಅನ್ನುವುದು ನಮ್ಮ ಕಾರಿನ ಕಟ್ಟುನಿಟ್ಟು. ಎರಡು ಟೂರ್‌ಗಳಲ್ಲೂ ಇದೇ ನಿಯಮ ಇತ್ತು.

ಇನ್ನು ಮುನ್ಸೂಚನೆ. ಸ್ವಂತ ಕಾರಿನಲ್ಲಿ ಹೋಗುವವರು ಇದನ್ನು ಕಲಿಯಲೇಬೇಕು. ಟೂರ್‌ನಲ್ಲಿ ಹೋಗುವವರು ಕಲಿತರೆ ಖುಷಿ ದುಪ್ಪಟ್ಟು.

ವಾರದ ಮುಂಚೆ ನೋಡಲು ಅಮೆರಿಕದ ಜಿಎಫ್‌ಎಸ್ ಮತ್ತು ಯುರೋಪಿನ ಮಾಡೆಲ್ ಇವೆ. ಮಾಡೆಲ್ ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಮುನ್ಸೂಚನೆ. ಜಿಎಫ್‌ಎಸ್ ಹದಿನಾರು ದಿನ ಮುಂದಿನದನ್ನೂ ತೋರಿಸುತ್ತದೆ. ಅಷ್ಟು ದೂರದ ಬಣ್ಣಗಳನ್ನು ನೋಡಿ ರಜೆ ಹಾಕಬೇಡಿ. ಪಶ್ಚಿಮದಿಂದ ಮೇಲ್ಗಾಳಿಯ ಅಲೆ ಬರುತ್ತಿದೆಯಾ, ಕೊಲ್ಲಿಯ ತೇವ ಮೇಲಕ್ಕೆ ಹರಿಯುತ್ತಿದೆಯಾ, ಇಷ್ಟನ್ನೇ ನೋಡಿ. ಇವೆರಡರಲ್ಲಿ ನಾನು ಯುರೋಪಿನದನ್ನು ಜಾಸ್ತಿ ನಂಬುತ್ತೇನೆ. ಮೂರು ದಿನ ಇದ್ದಾಗ ನಾರ್ಮನ್‌ನ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನ ಔಟ್‌ಲುಕ್‌ಗೆ ಬನ್ನಿ. ಮಾರ್ಜಿನಲ್, ಸ್ಲೈಟ್, ಎನ್‌ಹಾನ್ಸ್ಡ್, ಮಾಡರೇಟ್, ಹೈ ಅಂತ ಅಪಾಯ ಏರುತ್ತಾ ಹೋಗುವ ಐದು ಹಂತ. ಎಲ್ಲರೂ ಬಣ್ಣ ನೋಡಿ ಹಾರುತ್ತಾರೆ. ಬಣ್ಣಕ್ಕಿಂತ ಕೆಳಗಿನ ಬರಹ ಓದಿ. ಯಾವ ಗಂಟೆಗೆ, ಗಾಳಿಗಳ ಯಾವ ಗಡಿಯ ಮೇಲೆ, ಬಿಡಿ ಮೋಡವೋ ಸಾಲು ಮೋಡವೋ ಅನ್ನುವುದೆಲ್ಲ ಅಲ್ಲಿದೆ. ಹೈ ರಿಸ್ಕ್ ದಿನ ಮೋಡಗಳು ಬಿರುಸಾಗಿ ಓಡುತ್ತವೆ, ಮೋಡದ ಬೆನ್ನು ಹತ್ತಿದವರ ಕಾರುಗಳಿಂದ ರಸ್ತೆಗಳೂ ತುಂಬಿರುತ್ತವೆ. ಪಶ್ಚಿಮದ ಬಯಲಿನಲ್ಲಿ ಒಂಟಿ ಮೋಡ ಏಳುವ ಸ್ಲೈಟ್ ರಿಸ್ಕ್ ದಿನವೇ ನನಗೆ ಇಷ್ಟ.

ಅದೇ ದಿನಕ್ಕೆ ಎಚ್‌ಆರ್‌ಆರ್‌ಆರ್ ಮಾಡೆಲ್ ಇದೆ. ಮೂರು ಕಿಲೋಮೀಟರ್ ಜಾಲ, ಗಂಟೆಗೊಮ್ಮೆ ಹೊಸದು. ಸಂಜೆ ರೇಡಾರ್ ಹೇಗಿರುತ್ತದೆ ಅಂತ ಚಿತ್ರವನ್ನೇ ಬಿಡಿಸಿ ಕೊಡುತ್ತದೆ. ಅಷ್ಟು ಚೆನ್ನಾಗಿ ಬಿಡಿಸುವುದೇ ಅದರ ತೊಂದರೆ. ನೋಡಿದವರು ಆ ಚುಕ್ಕೆಯ ಮೇಲೇ ಹೋಗಿ ನಿಲ್ಲುತ್ತಾರೆ. ನಾನು ಮಾಡೆಲ್‌ನ ಒಂದು ಓಟವನ್ನು, ಅಂದರೆ ಒಂದು ಸಲದ ಲೆಕ್ಕವನ್ನು, ನಂಬುವುದಿಲ್ಲ. ಬೆಳಗಿನಿಂದ ಸತತ ಓಟಗಳಲ್ಲಿ ಮೋಡ ಒಂದೇ ಕಡೆ ಏಳುತ್ತಿದೆಯಾ, ಇಲ್ಲ ಜಾಗ ಬದಲಿಸುತ್ತಿದೆಯಾ ನೋಡುತ್ತೇನೆ. ಒಣ ಗಾಳಿ ಮತ್ತು ತೇವದ ಗಾಳಿಯ ನಡುವಿನ ಡ್ರೈಲೈನ್ ಗಡಿಯನ್ನು ಅದು ಇರುವುದಕ್ಕಿಂತ ಪೂರ್ವಕ್ಕೆ ತಳ್ಳಿ ತೋರಿಸಿದ್ದನ್ನು ಹಲವು ಸಲ ಕಂಡಿದ್ದೇನೆ.

ಮಧ್ಯಾಹ್ನ ಎರಡಾದ ಮೇಲೆ ಮಾಡೆಲ್ ಮುಚ್ಚಿಡಿ. ಒಕ್ಲಹೋಮ ಮೆಸೊನೆಟ್ ತೆರೆಯಿರಿ. ರಾಜ್ಯದ 77 ಕೌಂಟಿಗಳಲ್ಲಿ ಪ್ರತಿಯೊಂದರಲ್ಲೂ ಕನಿಷ್ಠ ಒಂದು ಹವಾಮಾನ ಕಂಬ, ಐದು ನಿಮಿಷಕ್ಕೊಮ್ಮೆ ಅಳತೆ. ಗಾಳಿಯಲ್ಲಿ ಎಷ್ಟು ತೇವ ಇದೆ ಅಂತ ಹೇಳುವ ಡ್ಯೂ ಪಾಯಿಂಟ್ ಒಂದು ಕಡೆ 65 ಡಿಗ್ರಿ ಫ್ಯಾರನ್‌ಹೀಟ್, ಪಕ್ಕದ ಕೌಂಟಿಯಲ್ಲಿ 40 ಅಂದರೆ ಡ್ರೈಲೈನ್ ಅಲ್ಲೇ ಇದೆ. ಗಾಳಿ ಆಗ್ನೇಯದಿಂದ ಬೀಸತೊಡಗಿದ ಕಡೆ ಹೋಗಿ. ಜೊತೆಗೆ ಉಪಗ್ರಹ ಚಿತ್ರದಲ್ಲಿ ಚಿಕ್ಕ ಮೋಡಗಳು ಎದ್ದು ಕರಗುತ್ತಿವೆಯಾ, ಎದ್ದು ನಿಲ್ಲುತ್ತಿವೆಯಾ ನೋಡಿ. ಮೋಡ ಎದ್ದ ಮೇಲೆ ರೇಡಾರ್ ತೋರಿಸುವ ರೇಡಾರ್‌ಸ್ಕೋಪ್ ಆ್ಯಪ್ ಸಾಕು.

ಜೂನ್ ಯಾಕೆ? ಮೇಯಲ್ಲಿ ಟೆಕ್ಸಸ್, ಒಕ್ಲಹೋಮದಲ್ಲಿ ಟೊರ್ನಾಡೊ ಸಿಗುವ ಅವಕಾಶ ಹೆಚ್ಚು, ನಿಜ. ಆದರೆ ಗುಂಪು ಜಾಸ್ತಿ, ಪೂರ್ವಕ್ಕೆ ಹೋದರೆ ಮರ, ಗುಡ್ಡ ಅಡ್ಡ. ಜೂನ್ ಹೊತ್ತಿಗೆ ಮೇಲ್ಗಾಳಿಯ ಹರಿವು ಉತ್ತರಕ್ಕೆ ಸರಿಯುತ್ತದೆ. ಆಗ ಪೂರ್ವ ಕೊಲರಾಡೊ, ವಯೋಮಿಂಗ್, ನೆಬ್ರಾಸ್ಕ ಚುರುಕಾಗುತ್ತವೆ. ಅಲ್ಲಿ ನೆಲವೇ ಎತ್ತರ. ಹಾಗಾಗಿ 50 ಚಿಲ್ಲರೆ ಡಿಗ್ರಿ ಡ್ಯೂ ಪಾಯಿಂಟ್ ಇದ್ದರೂ ಸೂಪರ್‌ಸೆಲ್ ಏಳುತ್ತದೆ. ಮೋಡ ನಿಧಾನ, ನೋಟ ಮೈಲಿಗಟ್ಟಲೆ ತೆರೆದಿರುತ್ತದೆ. ಮೋಡದ ರಚನೆ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ. ಆಲಿಕಲ್ಲು ಮಾತ್ರ ಭಾರಿ. ಅಮೆರಿಕದ ದಾಖಲೆಯ ಕಲ್ಲು, ಎಂಟು ಇಂಚು ಅಡ್ಡಗಲದ್ದು, 2010ರ ಜುಲೈನಲ್ಲಿ ಸೌತ್ ಡಕೋಟಾದ ವಿವಿಯನ್‌ನಲ್ಲಿ ಬಿದ್ದಿತ್ತು.

ಟೂರ್ ಬುಕ್ ಮಾಡುವ ಮುನ್ನ ಈ ಪ್ರಶ್ನೆಗಳನ್ನು ಕೇಳಿ. ಒಂದು ವ್ಯಾನ್‌ನಲ್ಲಿ ಎಷ್ಟು ಜನ? ಓಡಿಸುವವರು, ರೇಡಾರ್ ನೋಡುವವರು ಬೇರೆ ಬೇರೆಯಾ? ಬೆಳಿಗ್ಗೆ ಬ್ರೀಫಿಂಗ್ ಎಷ್ಟು ಹೊತ್ತು? ಆಲಿಕಲ್ಲಿನ ಒಳಗೆ ನುಗ್ಗಿಸುತ್ತೀರಾ? ಕೊನೆಯದಕ್ಕೆ ಹೆಮ್ಮೆಯಿಂದ ಹೌದು ಅಂದವರಿಗೂ, ಟೊರ್ನಾಡೊ ತೋರಿಸಿಯೇ ತೋರಿಸುತ್ತೇವೆ ಅಂತ ಮಾತು ಕೊಡುವವರಿಗೂ ದುಡ್ಡು ಕಟ್ಟಬೇಡಿ. ಕಾರಿನಲ್ಲೇ ಹೋಗುತ್ತೇವೆ ಅನ್ನುವವರು ಮೊದಲು ಮೋಡ ಗುರುತಿಸಲು ಕಲಿಸುವ ಹವಾಮಾನ ಇಲಾಖೆಯ ಸ್ಕೈವಾರ್ನ್ ತರಗತಿಗೆ ಹೋಗಿ. ಅದು ಉಚಿತ, ಡಲ್ಲಾಸ್ ಸುತ್ತಮುತ್ತಲೂ ನಡೆಯುತ್ತದೆ.